ಒಲೆಯಿಲ್ಲದ ಮನೆಯಲ್ಲಿ ಬೀಜದ ನೀರುಳ್ಳಿ

ಬೇಸಿಗೆಯಲ್ಲಿ ಹೆದ್ದಾರಿಯ ಬದಿಗೆ ತೂಗುಹಾಕಿ ಮಾರುವ ಕುಮಟಾದ ಸಿಹಿ ನೀರುಳ್ಳಿಯನ್ನು ಈ ಕಡೆ ಓಡಾಡುವವರೆಲ್ಲ ನೋಡಿರುತ್ತಾರೆ. ಒಣಗಿದ ಎಲೆಯ ಸಮೇತ ಜಡೆಯಂತೆ ಕಟ್ಟಿದ ಗೊಂಚಲು. ಮಳೆಗೆ ಮುಂಚೆ ಕೊಂಡು ಮನೆಯೊಳಗೆ ಕಟ್ಟಿಟ್ಟರೆ ಚೌತಿಯವರೆಗೆ, ಕೆಲವರಲ್ಲಿ ದೀಪಾವಳಿಯವರೆಗೂ ಬರುತ್ತದೆ. ನೀರುಳ್ಳಿ ತುಟ್ಟಿಯಾಗುವ ತಿಂಗಳುಗಳಲ್ಲಿ ಪೇಟೆಯ ಮುಖ ನೋಡುವ ಕೆಲಸವಿಲ್ಲ. ನನ್ನ ಮನೆಯಲ್ಲಿ ಮಾತ್ರ ಅದು ಆಷಾಢ ದಾಟುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಹುಳಿ ವಾಸನೆ. ಮರುದಿನ ಗೊಂಚಲಿನ ತುದಿಯಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು.

ಮಾರಿದವರನ್ನು ಬೈದುಕೊಂಡೆ. ಬೇರೆಯವರ ಹತ್ತಿರ ಕೊಂಡೆ. ಅದೂ ಕೊಳೆಯಿತು. ತವರೂರು ಹೊಳನಗದ್ದೆಯಲ್ಲಿ ಅಮ್ಮ ತಾನೇ ಬೆಳೆದು ಕೊಟ್ಟದ್ದನ್ನು ಕಟ್ಟಿದೆ. ಅದೂ ಕೊಳೆಯಿತು. ಒಂದೇ ಗದ್ದೆಯ ನೀರುಳ್ಳಿ ಅಮ್ಮನ ಮನೆಯಲ್ಲಿ ಗಟ್ಟಿಯಾಗಿರುತ್ತದೆ, ನನ್ನ ಮನೆಯಲ್ಲಿ ಅಳುತ್ತದೆ. ಯಾಕೆ?

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಯಾಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಬೆಳಗ್ಗೆ ಅಮ್ಮನ ಜೊತೆ ಹರಿವೆ, ಮುಳ್ಳುಸೌತೆ ಹೊತ್ತು ಪೇಟೆಗೆ ಬಂದು, ಬುಟ್ಟಿ ಅವಳ ಮುಂದೆ ಇಳಿಸಿ, ಅಲ್ಲಿಂದಲೇ ಕಾಲೇಜಿಗೆ ನಡೆದವಳು ನಾನು. ಈಗ ಶಾಲೆಯಲ್ಲಿ ಕಲಿಸುತ್ತೇನೆ. ಗಂಡ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಕುಮಟಾದಲ್ಲಿ ಬಾಡಿಗೆ ಮನೆ. ಮನೆ ನಡೆಸುವುದನ್ನು ನಾನು ಅಮ್ಮನಿಂದಲೇ ಕಲಿತದ್ದು. ಅನ್ನ ಬಸಿದ ತೆಳಿಯಲ್ಲಿ ಹತ್ತಿ ಸೀರೆಗೆ ಗಂಜಿ ಹಾಕುವುದು, ಅಕ್ಕಿ ತೊಳೆದ ನೀರು ಬಸಳೆಯ ಬುಡಕ್ಕೆ, ಸವೆದ ಸಾಬೂನಿನ ಚೂರು ಹಳೆಯ ಕಾಲುಚೀಲದೊಳಗೆ. ಇವೆಲ್ಲ ನನ್ನಲ್ಲಿ ಸರಿಯಾಗಿ ನಡೆಯುತ್ತಿದ್ದವು. ನೀರುಳ್ಳಿಯೊಂದೇ ಕೈಕೊಡುತ್ತಿತ್ತು.

ತಿನ್ನುವ ನೀರುಳ್ಳಿ ಕೊಳೆತರೆ ಬೇಸರ, ಅಷ್ಟೆ. ಆದರೆ ನನ್ನ ತಮ್ಮ ಊರಿನ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟ ವರ್ಷ ವಿಷಯ ಬೇರೆಯಾಯಿತು. ಮೇ ತಿಂಗಳ ಕೊನೆಗೆ ಅಮ್ಮ ಬಸ್ಸಿಳಿದು ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ.

"ಇದು ತಿನ್ನೂಕಲ್ಲ ಮಗಾ. ಬೀಜದ್ದು."

ಅಮ್ಮ ಪ್ರತಿ ಬೇಸಿಗೆ ಗದ್ದೆಯ ರಾಶಿಯಿಂದ ಕುತ್ತಿಗೆ ಸಪೂರ ಇರುವ, ಸಿಪ್ಪೆ ಬಿಗಿಯಾದ ಗಡ್ಡೆಗಳನ್ನು ಆರಿಸಿ ಎತ್ತಿಡುತ್ತಾಳೆ. ಮಳೆ ಹಿಂದಾದ ಮೇಲೆ ಅವನ್ನು ಮತ್ತೆ ನೆಟ್ಟರೆ ಹೂ ಬಿಟ್ಟು ಬೀಜ ಕೊಡುತ್ತವೆ. ಆ ಬೀಜದಿಂದಲೇ ಮುಂದಿನ ಬೆಳೆ. ಅಮ್ಮ ಮದುವೆಯಾಗಿ ಬರುವ ಮೊದಲಿನಿಂದಲೂ ಮನೆಯಲ್ಲಿ ಇದೇ ಬೀಜ. ಒಂದು ಮಳೆಗಾಲದಲ್ಲಿ ಗಡ್ಡೆಯೆಲ್ಲ ಹೋದರೆ ಅದು ಅಲ್ಲಿಗೇ ಮುಗಿಯಿತು.

"ಪೇಟೆಯಲ್ಲಿ ಬೀಜ ಸಿಗೂದಿಲ್ವಾ?" ಎಂದು ನನ್ನ ಗಂಡ ಕೇಳಿದರು.

"ಸಿಗ್ತದೆ. ಅದ್ರ ನೀರುಳ್ಳಿ ಕೊಯ್ದ್ರೆ ಕಣ್ಣಲ್ಲಿ ನೀರು. ನಮ್ಮದು ಹಸಿದೇ ಕಚ್ಚಿ ತಿನ್ನಿ, ನೋಡಿ." ಅಳಿಯನಿಗೆ ಇಷ್ಟು ಹೇಳಿ ಅಮ್ಮ ನನ್ನ ಕಡೆ ತಿರುಗಿದಳು. "ಮನೆ ಕೆಡವಿದ್ರು. ಒಲೆನೂ ಹೋತು. ನಾವೀಗ ತಗಡಿನ ಶೆಡ್ಡಲ್ಲಿ. ಅಲ್ಲಿ ಇಟ್ರೆ ಕೊಳೀತದೆ. ನೀನೇ ಇಟ್ಕಳೆ. ಒಲೆ ಮೇಲೆ ಕಟ್ಟು. ಆತಾ?"

ಆತು ಎಂದೆ. ನನ್ನ ಮನೆಯಲ್ಲಿ ನೀರುಳ್ಳಿ ಏನಾಗುತ್ತದೆಂದು ಹೇಳಲು ಬಾಯಿ ಬರಲಿಲ್ಲ. ಗ್ಯಾಸ್ ಒಲೆಯ ನೇರ ಮೇಲೆ ಮೊಳೆ ಇತ್ತು. ಪ್ರತಿ ವರ್ಷ ಅಲ್ಲೇ ಕಟ್ಟುತ್ತಿದ್ದೆ, ಈಗಲೂ ಅಲ್ಲೇ ಕಟ್ಟಿದೆ. ನೀರುಳ್ಳಿ ಒಲೆ ಮೇಲೆ ಇರಬೇಕು ಎಂದು ಹುಟ್ಟಿದಾಗಿನಿಂದ ನೋಡಿದ್ದಲ್ಲವೇ.

ಜೂನ್ ಮಳೆ ಹಿಡಿಯಿತು. ಒಂದು ಬೆಳಗ್ಗೆ ಕುಚ್ಚಲಕ್ಕಿ ಕುದಿಯುತ್ತಿತ್ತು. ನಮ್ಮ ಅಕ್ಕಿ ಬೇಯಲು ಹೊತ್ತು ಬೇಕು, ಅಷ್ಟೂ ಹೊತ್ತು ಪಾತ್ರೆಯಿಂದ ಹಬೆ ಏಳುತ್ತಿರುತ್ತದೆ. ಏನೋ ನೋಡಲು ಗೊಂಚಲಿಗೆ ಕೈ ಹಾಕಿದೆ. ಗಡ್ಡೆಯೆಲ್ಲ ಒದ್ದೆ! ಮೀನುಪೇಟೆಯಿಂದ ತಂದ ಚೀಲದ ಹಾಗೆ.

ಅಲ್ಲೇ ಸೌಟು ಹಿಡಿದು ನಿಂತೆ. ಅಮ್ಮನ ಒಲೆಯ ಮೇಲೂ ಅಕ್ಕಿ ಕುದಿಯುತ್ತಿತ್ತು, ಹಬೆ ಏಳುತ್ತಿತ್ತು. ಆದರೆ ಅಲ್ಲಿ ಕಟ್ಟಿಗೆಯ ಹೊಗೆ ಇತ್ತು, ಅನ್ನ ಇಳಿಸಿದ ಮೇಲೂ ಕೆಂಡ ದಿನವಿಡೀ ಬೆಚ್ಚಗಿರುತ್ತಿತ್ತು, ಹಂಚಿನ ಸಂದಿಯಿಂದ ಹಬೆ ಹೊರಗೆ ಹೋಗುತ್ತಿತ್ತು. ನನ್ನ ಒಲೆ ಆರಿಸಿದ ಕೂಡಲೇ ತಣ್ಣಗೆ. ಮೇಲೆ ಸ್ಲ್ಯಾಬು. ಹಬೆಗೆ ಹೋಗಲು ಇದ್ದ ಜಾಗ ನೀರುಳ್ಳಿಯ ಮೈ ಒಂದೇ. ವರ್ಷಗಟ್ಟಲೆ ನಾನು ನೀರುಳ್ಳಿಯನ್ನು ಒಣಗಿಸಿಡುತ್ತಿದ್ದೇನೆ ಎಂದುಕೊಂಡು ಬೇಯಿಸುತ್ತಿದ್ದೆ. ವಿಜ್ಞಾನ ಓದಿದ್ದರೆ ಬೇಗ ಹೊಳೆಯುತ್ತಿತ್ತೇನೋ. ನಾನು ಓದಿದ್ದು ಇತಿಹಾಸ.

ಅಮ್ಮನಿಗೆ ಫೋನು ಮಾಡಿದೆ. "ಅಮ್ಮಾ, ನೀರುಳ್ಳಿ ಒಲೆ ಮೇಲೆ ಎಂತಕ್ಕೆ ಕಟ್ಟೂದು?"

"ಮತ್ತೆ ಎಲ್ಲಿ ಕಟ್ಟೂದೆ?"

"ಅದಲ್ಲ, ಒಲೆ ಮೇಲೇ ಎಂತಕ್ಕೆ? ಹೊಗೆಗಾ, ಬಿಸಿಗಾ?"

"ನಮ್ಮತ್ತೆ ಕಟ್ತಿದ್ರು, ನಾನೂ ಕಟ್ಟಿದೆ. ಹೊಗೆಗೇ ಇರ್ಬೇಕು. ಅಲ್ಲ, ಬಿಸಿಗೂ ಇರ್ಬಹುದು. ನಾ ಯಾರತ್ರನೂ ಕೇಳ್ಲೇ ಇಲ್ಲ ಮಾರಾಯ್ತಿ. ಎಂತಾ? ಕೊಳೀತಾ?"

"ಇಲ್ಲ, ಇಲ್ಲ," ಎಂದೆ. ಅಷ್ಟರಲ್ಲಿ ಗಂಡ ಗೊಂಚಲನ್ನು ಮೊಳೆಯಿಂದ ಬಿಚ್ಚಿ ಹಳೆಯ ಪಂಚೆಯಲ್ಲಿ ಒರೆಸುತ್ತಿದ್ದರು. ಎರಡು ಗಡ್ಡೆ ಆಗಲೇ ಮೆತ್ತಗಾಗಿದ್ದವು.

ಈಗ ಪ್ರಶ್ನೆ ಒಂದೇ. ಈ ಮನೆಯಲ್ಲಿ, ಈ ಮಳೆಯಲ್ಲಿ, ಒಣ ಜಾಗ ಎಲ್ಲಿದೆ? ಕಪಾಟಿನೊಳಗಿನ ಸೀರೆಗೆ ಬೂಷ್ಟು, ಡಬ್ಬದ ಉಪ್ಪಿಗೆ ನೀರು. ಕಣ್ಣಿಗೆ ಕಾಣದ ತೇವವನ್ನು ಹುಡುಕುವುದು ಹೇಗೆ? ನನಗೆ ಹಲಸಿನ ಹಪ್ಪಳ ನೆನಪಾಯಿತು. ಕರಿಯದ ಹಪ್ಪಳ ಒಣಗಿದ್ದರೆ ಟಕ್ಕನೆ ಮುರಿಯುತ್ತದೆ, ಥಂಡಿ ಹಿಡಿದರೆ ಚರ್ಮದಂತೆ ಬಾಗುತ್ತದೆ. ಡಬ್ಬ ತೆರೆದು ಒಂದೊಂದು ಜಾಗಕ್ಕೆ ಒಂದೊಂದು ಚೂರು ಇಟ್ಟೆ. ಕಪಾಟಿನ ಮೇಲೆ, ಕಿಟಕಿಯ ಹತ್ತಿರ, ಮಂಚದ ಕೆಳಗೆ, ದೇವರ ಗೂಡಿನ ಪಕ್ಕ, ಫ್ರಿಜ್ಜಿನ ಹಿಂದೆ.

"ಇದೆಂತ, ಇಲಿ ಹಿಡೂಕಾ?" ಎಂದರು ಗಂಡ.

"ಪರೀಕ್ಷೆ. ಬೆಳಿಗ್ಗೆ ಫಲಿತಾಂಶ."

"ಪಾಸಾದವ್ರನ್ನ ಕರಿದು ನಂಗೆ ಕೊಡು. ಫೇಲಾದವ್ರನ್ನ ನೀನೇ ತಿನ್ನು."

ಬೆಳಗ್ಗೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಮುರಿಯುತ್ತ ಹೋದೆ. ಕಪಾಟಿನದು ಬಾಗಿತು. ಕಿಟಕಿಯದು ಮಡಚಿಕೊಂಡಿತು. ಮಂಚದ ಕೆಳಗಿನದರ ಸುದ್ದಿ ಬೇಡ. ದೇವರ ಗೂಡಿನದು ದೀಪದ ಪುಣ್ಯದಿಂದ ಅರೆಬರೆ. ಫ್ರಿಜ್ಜಿನ ಹಿಂದಿನದು ಮಾತ್ರ ಟಕ್! ಕೈಯಿಟ್ಟು ನೋಡಿದೆ. ನಮ್ಮದು ಯಾರೋ ಬಳಸಿ ಬಿಟ್ಟ ಹಳೆಯ ಫ್ರಿಜ್ಜು, ಬೆನ್ನಿಗೆ ಕಪ್ಪು ಜಾಲರಿ. ಅಲ್ಲಿ ಬೆಚ್ಚನೆಯ ಗಾಳಿ ಮೇಲೇಳುತ್ತಿತ್ತು, ಅಮ್ಮನ ಒಲೆಯ ಕೆಂಡದ ಹಾಗೆ ಹಗಲೂ ರಾತ್ರಿಯೂ. ಒಳಗೆ ಹಾಲು ತಣ್ಣಗಿಡಲು ಬಿಲ್ಲು ಕಟ್ಟುತ್ತಿದ್ದೆ, ಹೊರಗೆ ಬಿಸಿ ಪುಕ್ಕಟೆ ಹೋಗುತ್ತಿತ್ತು. ಅಷ್ಟು ವರ್ಷ ಆ ಸಂದಿಯಲ್ಲಿ ಕಸಬರಿಗೆ ಬಿಟ್ಟು ಬೇರೇನೂ ಇಟ್ಟಿರಲಿಲ್ಲ.

ಫ್ರಿಜ್ಜನ್ನು ಗೋಡೆಯಿಂದ ಸ್ವಲ್ಪ ಮುಂದೆ ಎಳೆದು, ಜಾಲರಿಗೆ ತಾಗದ ಹಾಗೆ ಗೋಡೆಗೆ ಮೊಳೆ ಹೊಡೆದು ಗೊಂಚಲು ಕಟ್ಟಿದೆವು. ಕೆಲವೇ ದಿನಗಳಲ್ಲಿ ಸಿಪ್ಪೆ ಮತ್ತೆ ಚರಚರ ಎನ್ನತೊಡಗಿತು. ಉಪ್ಪಿನ ಡಬ್ಬ, ಬೆಂಕಿಪೊಟ್ಟಣ, ಒಣಮೀನಿನ ಪೊಟ್ಟಣ ಎಲ್ಲ ಫ್ರಿಜ್ಜಿನ ನೆತ್ತಿಯ ಮೇಲೆ ಏರಿದವು. ಅವಕ್ಕೂ ಅದೇ ಮಳೆಗಾಲ ತಾನೆ.

ನೆಮ್ಮದಿ ಶ್ರಾವಣದವರೆಗೆ. ಆಗ ಗಾಳಿಮಳೆಗೆ ಎಲ್ಲೋ ಮರ ತಂತಿಯ ಮೇಲೆ ಬಿತ್ತು, ಕರೆಂಟು ಹೋಯಿತು. ಮರುದಿನವೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಜಾಲರಿ ತಣ್ಣಗಾಯಿತು. ಗಡ್ಡೆಗಳ ಕುತ್ತಿಗೆಯಲ್ಲಿ ತೇವ ಕಂಡಿತು, ಒಂದೆರಡರಲ್ಲಿ ಹಸಿರು ಮೊಳಕೆಯ ಮೂಗು. ಈಗ ಮೊಳೆತರೆ ನೆಡಲು ಹೊರಗೆ ಗದ್ದೆಯೆಲ್ಲ ನೀರು. ಅಮ್ಮ ದಿನಾ ಫೋನು ಮಾಡಿ ಮನೆ ಕೆಲಸ ಎಲ್ಲಿಗೆ ಬಂತೆಂದು ಹೇಳಿ, ಕೊನೆಗೆ ಮೆಲ್ಲಗೆ "ಅದು ಹೆಂಗಿದ್ಯೆ?" ಎನ್ನುತ್ತಿದ್ದಳು.

ನಮ್ಮ ಹಿತ್ತಲಿಗೆ ತಾಗಿ ಮನೆಯೊಡತಿಯ ಮನೆ. ಕೊಂಕಣಿ ಮಾತಿನವರು, ಓಣಿಯವರಿಗೆಲ್ಲ ಅವರು ಮಾಯಿ. ಅವರ ಬಚ್ಚಲಲ್ಲಿ ಈಗಲೂ ಹಂಡೆ, ಅದರ ಕೆಳಗೆ ತೆಂಗಿನ ಸಿಪ್ಪೆಯ ಒಲೆ. ಅವರ ಬಚ್ಚಲ ಹೊಗೆ ನನ್ನ ಒಗೆದ ಬಟ್ಟೆಗೆ ಬರುತ್ತದೆಂದು ಎಷ್ಟೋ ಸಲ ಗೊಣಗಿದ್ದೆ. ಅವತ್ತು ಆ ಹೊಗೆ ಕಂಡು ಜೀವ ಬಂತು. ಆದರೆ ಶ್ರಾವಣ. ಆ ತಿಂಗಳು ಅವರು ನೀರುಳ್ಳಿ ತಿನ್ನುವುದಿಲ್ಲ, ಮನೆಯೊಳಗೆ ತರುವುದೂ ಇಲ್ಲ.

"ಮಾಯಿ, ಒಂದು ಕೇಳ್ಲಾ?"

"ಕೇಳಿ ಅಕ್ಕೋರೇ." ಈ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸು ಎಲ್ಲರಿಗೂ ಅಕ್ಕೋರು.

"ನಿಮ್ಮ ಬಚ್ಚಲಲ್ಲಿ ಒಂದು ಗೊಂಚಲು ಕಟ್ಬೇಕಿತ್ತು. ನೀರುಳ್ಳಿದು."

"ದೇವರೇ! ಶ್ರಾವಣದಲ್ಲಿ ನೀರುಳ್ಳಿ ಸಿಪ್ಪೆ ಹಾರಿ ಬಂದ್ರೂ ನಾನು ಗುಡಿಸಿ ಹಾಕ್ತೆ. ನೀವು ಗೊಂಚಲೇ ತರ್ತ್ರಾ?"

ಅಮ್ಮನ ಮನೆ, ಕೆಡವಿದ ಒಲೆ, ಬೀಜ ಎಲ್ಲ ಹೇಳಿದೆ. ಮಾಯಿ ಕೈಯ ಹೂಬುಟ್ಟಿ ಕೆಳಗಿಡದೆ ಕೇಳಿಸಿಕೊಂಡರು.

"ಬೀಜಕ್ಕೆ ಅಂದ್ರಿ. ತಿನ್ನೂಕಲ್ಲ?"

"ಒಂದೂ ತಿನ್ನೂಕಲ್ಲ."

"ಹಾಗಾದ್ರೆ ಅದು ನೀರುಳ್ಳಿ ಅಲ್ಲ, ಗಿಡ. ಗಿಡಕ್ಕೆ ಎಂತ ಮೈಲಿಗೆ? ಕಟ್ಟಿ." ನಾನು ಹೊರಟಾಗ ಹಿಂದಿನಿಂದ ಕೂಗಿದರು. "ಆದ್ರೆ ನಾನು ಸ್ನಾನ ಮಾಡೋವಾಗ ಅದ್ರ ಮೋರೆ ನಂಗೆ ಕಾಣ್ಬಾರ್ದು!"

ಹಳೆಯ ತೆಳು ಸೀರೆಯೊಂದನ್ನು ಹರಿದು ಗೊಂಚಲಿನ ಮುಂದೆ ಪರದೆ ಕಟ್ಟಿದೆ. ಹೊಗೆಗೆ ದಾರಿ, ಮಾಯಿಯ ಕಣ್ಣಿಗೆ ತಡೆ. ಕರೆಂಟು ಬಂದ ಮೇಲೆ ಪೂರ್ತಿ ವಾಪಸು ತರಲಿಲ್ಲ. ಅರ್ಧ ಫ್ರಿಜ್ಜಿನ ಹಿಂದೆ, ಅರ್ಧ ಬಚ್ಚಲಲ್ಲಿ. ಎಲ್ಲವನ್ನೂ ಒಂದೇ ಕಡೆ ನಂಬಿ ಇಡುವ ಧೈರ್ಯ ಹೋಗಿತ್ತು. ಎರಡೂ ಕಡೆ ಆಗಾಗ ಒಂದೊಂದು ಕೆಡುತ್ತಿತ್ತು. ಕೆಟ್ಟದ್ದನ್ನು ಕೂಡಲೇ ಕಿತ್ತು ಎಸೆಯುತ್ತಿದ್ದೆ.

ದೀಪಾವಳಿ ಕಳೆದು ಗದ್ದೆ ಕೊಯ್ಲಾದ ಮೇಲೆ ಉಳಿದದ್ದನ್ನು ಎರಡು ಚೀಲದಲ್ಲಿ ಹೊಳನಗದ್ದೆಗೆ ಒಯ್ದು, ಎಲ್ಲೆಲ್ಲಿ ಕಟ್ಟಿದ್ದೆನೆಂದು ಅಮ್ಮನಿಗೆ ಹೇಳಿದೆ. ಹೊಸ ಮನೆಯ ಜಗಲಿಯಲ್ಲಿ ಅಮ್ಮ ಕಾಲು ಚಾಚಿ ಕೂತು ಒಂದೊಂದು ಗಡ್ಡೆಯ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಗಟ್ಟಿಯಿದ್ದರೆ ಬಲಕ್ಕೆ, ಮೆತ್ತಗಿದ್ದರೆ ಎಡಕ್ಕೆ. ನಾನು ಕೊಟ್ಟ ಉತ್ತರಪತ್ರಿಕೆಯನ್ನು ಯಾರೋ ಎದುರೇ ಕೂತು ತಿದ್ದುತ್ತಿರುವ ಹಾಗೆ ಅನಿಸಿತು. ಬಲದ ರಾಶಿ, ಎಡದ ರಾಶಿ ಹೆಚ್ಚುಕಡಿಮೆ ಸಮ.

"ಅರ್ಧ ಹೋತು," ಎಂದೆ.

"ಅರ್ಧ ಉಂಟಲ. ಗದ್ದೇಲಿ ಒಂದು ಮಡಿಗೆ ಸಾಕು." ಅಮ್ಮ ಬಲದ ರಾಶಿಯಿಂದ ಒಂದೊಂದೇ ಗಡ್ಡೆ ಎತ್ತಿ ಮೂಸಿದಳು. "ಇದು ಬಚ್ಚಲಿಂದು, ಗೊತ್ತಾಗ್ತದೆ. ಇದು ಫ್ರಿಜ್ಜಿಂದಾ? ಎರಡ್ನೂ ಬೇರೆ ಬೇರೆ ಸಾಲಲ್ಲಿ ಹಾಕ್ವ. ಯಾವ್ದು ಮೊದ್ಲು ಹೂ ಬಿಡ್ತದೆ, ಕಾಂಬ."

ಅಮ್ಮ ಹೀಗೆ ಕೇಳಿದ್ದು ನಾನು ಕಂಡಂತೆ ಅದೇ ಮೊದಲು. ಫ್ರಿಜ್ಜಿನ ಸಾಲಿಗೆ ಒಂದು ಕೋಲು, ಬಚ್ಚಲ ಸಾಲಿಗೆ ಎರಡು ಕೋಲು ಚುಚ್ಚಿದೆವು.

ಚಳಿಯ ಕೊನೆಯಲ್ಲಿ ಅಮ್ಮನ ಫೋನು ಬಂತು.

"ಹೂ ಬಂತೆ ಮಗಾ. ಬಿಳೀ ಚೆಂಡು, ಮಡಿ ತುಂಬ. ಬೀಜಕ್ಕೆ ತೊಂದ್ರೆ ಇಲ್ಲ."

ಬೀಜ ಉಳಿಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಯಾವ ಸಾಲು ಮೊದ್ಲು ಬಿಟ್ಟಿದ್ದು?"

"ಅದೇ ಗೊತ್ತಾಗೂದಿಲ್ಲ. ಪಕ್ಕದ ಮನೆ ದನ ಬಂದು ಕೋಲೆಲ್ಲ ಮುರಿದು ಹಾಕೀತು." ಅಮ್ಮನಿಗೂ ಬೇಸರವಾಗಿದ್ದು ದನಿಯಲ್ಲೇ ಗೊತ್ತಾಯಿತು. "ಹೊಸ ಮನೇಲೂ ಗ್ಯಾಸೇ, ಈ ಸಲ ಬೇಸಿಗೆಗೆ ಮತ್ತೆ ನಿನ್ನಲ್ಲಿಗೇ ಗಡ್ಡೆ ತರ್ತೆ. ಮುಂದಿನ್ಸಲ ಕೋಲು ಬೇಡ, ಕಲ್ಲು ಇಡ್ವ."