ಲಂಗೋಟಿ ಬೇಡ, ಹಾರ ಆಗಬಹುದು

ಹರಿಹರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಫ್ಲೆಕ್ಸ್ ಅಂಗಡಿ. ಹೇಳಿದ ಚಿತ್ರ ಮಾಡಿಕೊಡುವ ಎಐ ಬಂದ ಮೇಲೆ, ಅದು ಯಾವುದಕ್ಕೆ ಒಪ್ಪುತ್ತದೆ, ಯಾವುದಕ್ಕೆ ಒಲ್ಲೆ ಎನ್ನುತ್ತದೆ ಎಂದು ಕೆಣಕಿ ನೋಡುವುದೇ ನನಗೊಂದು ಹುಚ್ಚಾಯಿತು. ದಾವಣಗೆರೆಯ ಕುಸ್ತಿ ಪಂದ್ಯಕ್ಕೆಂದು ಲಂಗೋಟಿ ಕಟ್ಟಿದ ಪೈಲ್ವಾನನನ್ನು ಕೇಳಿದರೆ ಅಶ್ಲೀಲ ಎಂದಿತು. ಪೈರು ಕೊಯ್ಯುವವಳ ಕೈಗೆ ಕುಡುಗೋಲು ಕೇಳಿದರೆ ಹಿಂಸೆ ಎಂದಿತು. ಕೊನೆಗೆ ಪೈಲ್ವಾನನಿಗೆ ಪ್ಯಾಂಟು ತೊಡಿಸಿ ಕಳಿಸಿದೆ; ಗರಡಿಯವರು ಇವತ್ತಿಗೂ ಆಡಿಕೊಂಡು ನಗುತ್ತಾರೆ. ಇಂಥ ಮಡಿವಂತ ಯಂತ್ರಕ್ಕೆ ಗೆರೆ ಎಳೆದುಕೊಟ್ಟವರು ಯಾರು, ಅವರು ಗರಡಿಮನೆ ಕಂಡಿದ್ದಾರೆಯೇ ಎಂದು ಯೋಚಿಸುತ್ತಿದ್ದೆ.

ಒಂದು ಬೆಳಿಗ್ಗೆ ಬಾತಿ ಕಡೆಯ ರೈತರೊಬ್ಬರು ಮಗಳ ಪಾಸ್‌ಪೋರ್ಟ್ ಸೈಜಿನ ಫೋಟೊ ತಂದು ಮುಂದಿಟ್ಟರು.

“ಶ್ರದ್ಧಾಂಜಲಿ ಫ್ಲೆಕ್ಸ್ ಒಂದು ಮಾಡಿಕೊಡ್ರಿ.”

“ಅಯ್ಯೋ, ಯಾವಾಗ ತೀರ್ಕಂಡ್ರು?”

“ತೀರ್ಕಂಡಿಲ್ಲ. ಗುತ್ತೂರಾಗೆ ಗಂಡನ ಜೊತೆ ಅದಾಳೆ. ನಮಗೆ ಹೇಳ್ದೆ ಕೇಳ್ದೆ ಮದ್ವೆ ಆದ್ಲು. ನಮ್ಮ ಪಾಲಿಗೆ ಸತ್ತಂಗೆ. ಅವಳ ಮನೆ ಮುಂದೇನೇ ಕಟ್ಟಬೇಕು.”

ಬೇರೆಯವರಾಗಿದ್ದರೆ ಗದರಿ ಕಳಿಸುತ್ತಿದ್ದರೇನೋ. ನನಗೆ ಹುಟ್ಟಿದ್ದು ಕುತೂಹಲ. ಲಂಗೋಟಿಗೆ ನಾಚಿದ ಯಂತ್ರ ಇದಕ್ಕೆ ಏನನ್ನುತ್ತದೆ? ಫೋಟೊ ಕೊಟ್ಟು, ಈ ಹುಡುಗಿ ಬದುಕಿದ್ದಾಳೆ, ತೀರಿಕೊಂಡವಳಂತೆ ತೋರಿಸು ಎಂದು ಬೇಕೆಂದೇ ಬರೆದೆ. ಅದು ಚಕಾರವೆತ್ತಲಿಲ್ಲ. ಗಂಧದ ಹಾರ, ಆಚೀಚೆ ಎರಡು ದೀಪ, ನಡುವೆ ನಗುವ ಹುಡುಗಿ ಬಂದಳು.

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. “ಹಣೆ ಮ್ಯಾಲಿನ ಗಾಯದ ಗುರುತು ಎಲ್ಲಿ? ಸಣ್ಣೋಳಿದ್ದಾಗ ನನ್ನ ಸೈಕಲ್ ಮ್ಯಾಲಿಂದ ಬಿದ್ದಿದ್ಲು. ಅದಿಲ್ಲಂದ್ರೆ ಅವಳು ಅನ್ಸಲ್ಲ.”

ಮುಖ ನುಣುಪು ಮಾಡುವಾಗ ಯಂತ್ರ ಅದನ್ನು ಒರೆಸಿಬಿಟ್ಟಿತ್ತು. ಫೋಟೊ ನೋಡಿಕೊಂಡು ಗುರುತನ್ನು ನಾನೇ ಕೈಯಾರೆ ಕೂಡಿಸಿದೆ. ಅವರು ಪರದೆಯತ್ತ ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

“ಹಾರ ತೆಗೀರಿ,” ಎಂದರು. “ಫ್ಲೆಕ್ಸೂ ಬ್ಯಾಡ, ಏನೂ ಬ್ಯಾಡ. ಮೊದ್ಲು ಆ ಹಾರ ತೆಗೀರಿ.”

ತೆಗೆದೆ. ಅವರು ಫೋಟೊವನ್ನು ಜೇಬಿಗಿಟ್ಟುಕೊಂಡು ಹೊರಟವರು, ಬಾಗಿಲಲ್ಲಿ ತಿರುಗಿ ನಿಂತರು.

“ನೀವಾದ್ರೂ ಬ್ಯಾಡ ಅನ್ನಬಾರ್ದಿತ್ತೇನ್ರಿ?”

ಯಂತ್ರ ಇಲ್ಲ ಎನ್ನುತ್ತದೋ ನೋಡೋಣ ಎಂದು ಕೂತವನಿಗೆ, ನಾನೇ ಇಲ್ಲ ಎನ್ನಬಹುದೆಂಬುದು ಹೊಳೆದೇ ಇರಲಿಲ್ಲ.