ಚನ್ನಬಸವ್ವನ ಬಾಯಿ

ಚನ್ನಬಸವ್ವ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬೆಳ್ಳುಳ್ಳಿ ಮಾರುತ್ತಾಳೆ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಬುಟ್ಟಿಯ ಮೇಲೆ ಗೋಣಿತಟ್ಟು ಮುಚ್ಚಿ ಭಜನೆಗೆ ಬರುತ್ತಾಳೆ. ಅವಳ ಗಂಡ ಸತ್ತ ದಿನ ಭಜನೆಯವರು ಬರುವುದು ತಡವಾಯಿತು. ಕಾದು ಬೇಸತ್ತು ತಾನೇ ಶುರುಮಾಡಿದಳು. ಅಂದಿನಿಂದ ಓಣಿಯ ಹೆಣಕ್ಕೆಲ್ಲ ಅವಳದೇ ಹಾಡು. ಹಾರ್ಮೋನಿಯಂ ಪೇಟಿ ಬಾರಿಸುವವನು ದ್ಯಾಮಣ್ಣ. ತಾಳ ಅದೇ ಓಣಿಯವಳಾದ ನನ್ನದು. ನನಗೆ ಸ್ವರ ತಿಳಿಯುವುದಿಲ್ಲ, ತಾಳವೂ ಅಷ್ಟಕ್ಕಷ್ಟೇ. ಆದರೆ ಅಳುವವರ ಮನೆಯಲ್ಲಿ ತಾಳ ತಪ್ಪಿದ್ದನ್ನು ಯಾರು ಎಣಿಸುತ್ತಾರೆ? ಹಾಗಾಗಿ ಬಹಳ ವರ್ಷ ನಡೆಯಿತು.

ಈ ಹಾಡಿಕೆಗೆ ಕೆಲವು ಕಟ್ಟುಪಾಡುಗಳಿವೆ. ಹಾಡುವಾಗ ತಲೆ ಎತ್ತಿ ಯಾರ ಮುಖವನ್ನೂ ನೋಡಬಾರದು. ಮುಗಿದ ಮೇಲೆ ಸುಮ್ಮನೆ ಏಳಬೇಕು. ಸತ್ತವರ ಮನೆಯಲ್ಲಿ ‘ಬರ್ತೇವಿ’ ಎನ್ನಬಾರದು. ಹಿಂದಿನಿಂದ ಕರೆದರೂ ತಿರುಗಬಾರದು. ನೆಟ್ಟಗೆ ನಳದ ಹತ್ತಿರ ಹೋಗಿ ಕಾಲು ತೊಳೆಯಬೇಕು.

ಎರಡು ಸಾವಿರದ ಮೂರರಲ್ಲಿ ಚನ್ನಬಸವ್ವನ ಮಗ ಮಾಲತೇಶನಿಗೆ ಮೊದಲ ಗಂಡುಮಗು ಹುಟ್ಟಿತು. ಸೊಸೆ ಜಯಾ ಹೆರಿಗೆಗೆ ಧಾರವಾಡದ ತವರಿಗೆ ಹೋಗಿದ್ದಳು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವಾಗ ತಾನೊಂದು ಹಾಡು ಹಾಡಬೇಕೆಂದು ಚನ್ನಬಸವ್ವನಿಗೆ ಬಹಳ ಆಸೆ. ತೊಟ್ಟಿಲಿಗೆ ಕರೆಯಲು ಬಂದ ಜಯಾಳ ತಾಯಿ ನೀಲವ್ವ ಮಾತ್ರ ಒಪ್ಪಲಿಲ್ಲ.

“ಹೋಳಿಗಿ ಉಣ್ಣಾಕ ಬರ್ರಿ ಬೀಗತಿ. ಆ ಬಾಯಿ ಅಷ್ಟ ಹುಬ್ಬಳ್ಳ್ಯಾಗ ಬಿಟ್ಟ ಬರ್ರಿ.”

“ಮತ್ತ ಹೋಳಿಗಿ ಯಾತರ್ಲೆ ಉಣ್ಣೂದವಾ?” ಎಂದು ನಾನು ನಡುವೆ ಬಾಯಿ ಹಾಕಿದೆ. ಯಾರೂ ನಗಲಿಲ್ಲ.

ಆ ವಾರದಲ್ಲೇ ಎದುರು ಮನೆಗೆ ಫೋನು ಬಂತು. ಧಾರವಾಡದಲ್ಲಿ ದೇಶದೇಶದ ದೇವರ ಹಾಡುಗಳ ಕಾರ್ಯಕ್ರಮವಂತೆ. ಮೈಕ್‌ಸೆಟ್ಟಿನ ತನ್ವೀರ ನಮ್ಮ ಹೆಸರು ಹೇಳಿದ್ದನಂತೆ.

“ಯಾರ ಹೋದ್ರಿ?” ಎಂದಳು ಚನ್ನಬಸವ್ವ.

“ಯಾರೂ ಹೋಗಿಲ್ಲರಿ. ನೀವು ಬಂದು ಹಾಡಬೇಕ್ರಿ.”

“ಯಾರೂ ಹೋಗಿಲ್ಲಂದ್ರ ಯಾಕ ಹಾಡೂದ್ರಿ?”

ಅವರು ಬಿಡಿಸಿ ಹೇಳಿದ ಮೇಲೆ ಅವಳ ಮುಖ ಅರಳಿತು. ನೀಲವ್ವನನ್ನೂ ಅಲ್ಲಿಗೆ ಕರೆಸಬೇಕೆಂದಳು. “ಪರದೇಶದವರ ಸಾಲಿನ್ಯಾಗ ಕುಂತಿದ್ದ ನೋಡಿದ್ರ ಆಕಿ ಇಲ್ಲ ಅನ್ನಾಕಿಲ್ಲ.”

ನಾವು ಮೂವರೂ ಮಡಿ ಬಟ್ಟೆಯುಟ್ಟು ಹೋದೆವು. ವೇದಿಕೆಯ ಹಿಂದೆ ಉದ್ದ ಟೊಪ್ಪಿಗೆಯ ತುರ್ಕಿ ಹಾಡುಗಾರರಿದ್ದರು. ಏಸುವಿನ ಹಾಡು ಹಾಡಲು ಬಂದ ಆಫ್ರಿಕಾದ ಹೆಣ್ಣುಮಕ್ಕಳಿದ್ದರು. ಕೆಂಪು ಬಟ್ಟೆಯ ಬೌದ್ಧ ಸನ್ಯಾಸಿಗಳಿದ್ದರು. ನನಗೆ ನೀರಡಿಕೆಯಾಗಿತ್ತು. ಪರದೇಶದವರಿಗೆ ನಮ್ಮ ಮಾತು ಎಲ್ಲಿ ತಿಳಿಯಬೇಕು ಎಂದು ಒಬ್ಬ ಸನ್ಯಾಸಿಯ ಮುಂದೆ ನಿಂತು, ಹೆಬ್ಬೆರಳನ್ನು ಬಾಯಿಗಿಟ್ಟು, ಕತ್ತು ಹಿಂದಕ್ಕೆ ಚೆಲ್ಲಿ ತೋರಿಸಿದೆ.

“ನೀರು ಬೇಕೇನ್ರಿ ಅಜ್ಜಿ? ಅಲ್ಲೇ ಹೊರಗ ನಳ ಐತ್ರಿ” ಎಂದ. ಅವನು ನಮ್ಮ ಹುಬ್ಬಳ್ಳಿ ಹತ್ತಿರದ ಮುಂಡಗೋಡದಲ್ಲೇ ಹುಟ್ಟಿ ಬೆಳೆದವನು. ದ್ಯಾಮಣ್ಣ ಪೇಟಿಯ ಮೇಲೆ ತಲೆಯಿಟ್ಟು ನಕ್ಕ.

ಆ ಸನ್ಯಾಸಿಗಳು ಹಾಡಿದಾಗ ಸ್ವರ ಗಂಟಲಿನಿಂದ ಬರಲಿಲ್ಲ, ಹೊಟ್ಟೆಯಿಂದ ಬಂತು. ದೊಡ್ಡ ಗಡಿಗೆಯಲ್ಲಿ ನುಚ್ಚು ಕುದಿಯುವ ಹಾಗಿತ್ತು. ನನಗೆ ಹಸಿವೆಯಾಯಿತು. ದೇವರ ನೆನಪು ಆಮೇಲೆ ಬಂತು.

ನಮ್ಮ ಸರದಿ ಬಂದಾಗ ಕುಳಿತೆವು, ತಲೆ ತಗ್ಗಿಸಿದೆವು. ಚನ್ನಬಸವ್ವ ಎಂದಿನ ಹಾಡನ್ನೇ ಎತ್ತಿದಳು. ಮುಂದೆ ಹೆಣವಿಲ್ಲ, ಅಳುವವರಿಲ್ಲ, ಊದಿನಕಡ್ಡಿಯ ಹೊಗೆಯಿಲ್ಲ. ಅವಳ ಸ್ವರ ಅಷ್ಟು ದೂರ ಹೋಗುತ್ತದೆಂದು ಇಷ್ಟು ವರ್ಷ ಪಕ್ಕದಲ್ಲೇ ಕುಳಿತ ನನಗೂ ಗೊತ್ತಿರಲಿಲ್ಲ. ತಾಳ ಎರಡು ಕಡೆ ತಪ್ಪಿತು. ಅದು ಮೈಕಿನಲ್ಲಿ ಚೆನ್ನಾಗಿ ಕೇಳಿಸಿತು.

ಹಾಡು ಮುಗಿಯಿತು. ಒಮ್ಮೆಲೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂಥ ಸಪ್ಪಳ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ನಮಗೆ ಯಾರೂ ಚಪ್ಪಾಳೆ ಹೊಡೆದವರಿಲ್ಲ, ಹೊಡೆಯುವಂಥ ಜಾಗಕ್ಕೆ ನಾವು ಹೋದವರೂ ಅಲ್ಲ. ಏನು ಮಾಡಬೇಕೋ ತಿಳಿಯಲಿಲ್ಲ. ತಲೆಗೆ ತಿಳಿಯದಿದ್ದಾಗ ಕಾಲು ತನಗೆ ತಿಳಿದದ್ದನ್ನು ಮಾಡುತ್ತದೆ. ಮೂವರೂ ಎದ್ದೆವು. ಕೈ ಮುಗಿಯಲಿಲ್ಲ, ಜನರ ಕಡೆ ನೋಡಲಿಲ್ಲ, ನೆಟ್ಟಗೆ ಹೊರಟುಬಿಟ್ಟೆವು.

“ಅಮ್ಮಾರ, ನಿಂದರ್ರಿ! ಶಾಲು ಹೊದಸ್ತೇವ್ರಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ತಿರುಗಲಿಲ್ಲ. “ಬೀಗತೀ!” ಎಂಬ ಕೂಗೂ ಬಂತು. ಹೆಜ್ಜೆ ಇನ್ನೂ ಚುರುಕಾಯಿತು. ಹೊರಗಿನ ನಳದಲ್ಲಿ ಕಾಲು ತೊಳೆಯುವಾಗ ದ್ಯಾಮಣ್ಣನೇ ಮೊದಲು ಎಚ್ಚರಗೊಂಡ.

“ಅಕ್ಕಾರ, ಅಲ್ಲಿ ಯಾರೂ ಸತ್ತಿರಲಿಲ್ಲಲ್ರಿ.”

ಚನ್ನಬಸವ್ವ ನಳದ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಯಾವ ಬೀಗತಿಗೆ ನಾವು ಹೆಣದ ಹಾಡಿನವರಷ್ಟೇ ಅಲ್ಲ ಎಂದು ತೋರಿಸಬೇಕಿತ್ತೋ, ಅವಳ ಕಣ್ಣೆದುರೇ ಹೆಣದ ಮನೆಯಿಂದ ಬರುವಂತೆ ಬಂದಿದ್ದೆವು.

ಅಷ್ಟರಲ್ಲಿ ನೀಲವ್ವ ಸೆರಗಿನಿಂದ ಬೆವರು ಒರೆಸುತ್ತ ಬಂದಳು. “ಏನ್ ಬೀಗತಿ, ಓಡಿ ಓಡಿ ಸಾಕಾತು. ಕರದ್ರ ತಿರುಗಿ ನೋಡವಲ್ಲಿರಿ! ಇಲ್ಲೂ ಒಂದ ಹೆಣ ಬೀಳ್ತಿತ್ತು, ನಂದ!”

“ತಪ್ಪಾತ್ರಿ” ಎಂದಳು ಚನ್ನಬಸವ್ವ.

ನೀಲವ್ವ ಅವಳ ಪಕ್ಕದಲ್ಲೇ ಕುಳಿತಳು. “ನಮ್ಮಪ್ಪ ಹೋದಾಗ ಇದ ಹಾಡು ಹಾಡಿದ್ರು. ಆವಾಗ ಬರೇ ಅಪ್ಪನ ಮುಖಾ ನೋಡಿದ್ನಿ. ಹಾಡು ಕೇಳಿದ್ದು ಇವತ್ತ. ಐತವಾರ ತೊಟ್ಟಿಲಕ್ಕ ಬರ್ರಿ. ಬಾಯಿ ತಗೊಂಡ ಬರ್ರಿ.”

ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ ನವನಗರ ದಾಟುವವರೆಗೂ ನಮಗೆ ಸಂತೋಷವೋ ಸಂತೋಷ. ಆಮೇಲೆ ದ್ಯಾಮಣ್ಣ ಕೇಳಿದ, “ಖರೇ, ಯಾವ ಹಾಡು ಹಾಡೋಣ್ರಿ?”

ಒಂದೊಂದನ್ನೇ ನೆನಪು ಮಾಡಿಕೊಂಡೆವು. ಒಂದರಲ್ಲಿ ದೇಹ ಮಣ್ಣು ಸೇರುತ್ತದೆ. ಇನ್ನೊಂದರಲ್ಲಿ ಬಂಧುಬಳಗ ಊರ ಅಗಸೆಬಾಗಿಲಿನವರೆಗೆ ಬಂದು ನಿಲ್ಲುತ್ತದೆ. ಮೂರನೆಯದು ಬಹಳ ಛಲೋ ಹಾಡು, ಆದರೆ ಅದರಲ್ಲಿ ನಾಲ್ಕು ಜನ ಹೊರುತ್ತಾರೆ. ಕೂಸಿನ ಮುಂದೆ ಹಾಡುವಂಥದು ಒಂದೂ ಇರಲಿಲ್ಲ. ಇಷ್ಟು ಹೆಣಗಾಡಿ ಗಿಟ್ಟಿಸಿದ ಜಾಗಕ್ಕೆ ಬರಿಗೈಯಲ್ಲಿ ಹೊರಟಿದ್ದೆವು.

ಕಡೆಗೆ ಚನ್ನಬಸವ್ವ ಹಳೆಯ ಧಾಟಿಯನ್ನೇ ಇಟ್ಟುಕೊಂಡು ಮಾತುಗಳನ್ನೆಲ್ಲ ತೆಗೆದಳು. ಆ ಜಾಗದಲ್ಲಿ ‘ಜೋ ಜೋ’ ತುಂಬಿದಳು, ಅಲ್ಲಲ್ಲಿ ಕೂಸಿನ ಹೆಸರು ಸೇರಿಸಿದಳು. ಐತವಾರ ತೊಟ್ಟಿಲ ಮುಂದೆ ಕುಳಿತು ಹಾಡಿದೆವು. ಈ ಸಲ ತಲೆ ಎತ್ತಿಯೇ ಹಾಡಿದೆವು. ಚನ್ನಬಸವ್ವ ತೊಟ್ಟಿಲಿನಿಂದ ಕಣ್ಣು ಕೀಳಲಿಲ್ಲ. ಹಾಡು ಮುಗಿಯುವುದರೊಳಗೆ ಮೊಮ್ಮಗ ನಿದ್ದೆ ಹೋಗಿದ್ದ.

“ಇನ್ನೊಂದ ಹಾಡ್ರಿ!” ಎಂದರು ಹೆಣ್ಣುಮಕ್ಕಳು.

ನಮ್ಮಲ್ಲಿ ಇನ್ನೊಂದು ಎಲ್ಲಿಂದ ಬರಬೇಕು? ಚನ್ನಬಸವ್ವ ನನ್ನ ಕಡೆ ನೋಡಿದಳು, ಗಂಟಲು ಸರಿಮಾಡಿಕೊಂಡಳು, ಅದನ್ನೇ ತುಸು ನಿಧಾನವಾಗಿ ಮತ್ತೆ ಎತ್ತಿದಳು. ನಾನು ಎಂದಿನಂತೆ ಒಂದು ಕಡೆ ತಾಳ ತಪ್ಪಿದೆ.

ನೀಲವ್ವ ತಲೆದೂಗಿದಳು. “ಮೊದಲಿಂದಕ್ಕಿಂತ ಇದ ಛಲೋ ಐತಿ ನೋಡ್ರಿ, ಬೀಗತಿ.”