ಎಡಗಡೆಯ ಮಡ್ಗಾರ್ಡ್

ಆಗೆಲ್ಲ ಕುರುಗೋಡಿಗೆ ಒಂದು ಕಾರು ಬಂದರೆ ಅದು ಯಾರ ಮನೆಗೆ ಬಂತು, ಯಾಕೆ ಬಂತು ಎಂಬುದು ದೀಪ ಹಚ್ಚುವುದರೊಳಗೆ ಊರಿಗೆಲ್ಲ ತಿಳಿದಿರುತ್ತಿತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಓಣಿಗೆ ಬರುತ್ತಿದ್ದದ್ದು ಒಂದೇ ಕಾರು, ವೀರೇಶ ಮಾಮನ ಕೆನೆಬಣ್ಣದ ಅಂಬಾಸಿಡರ್. ಮಾಮ ಎಂದರೆ ನಮ್ಮ ಅವ್ವನ ತಮ್ಮ. ಸಿರುಗುಪ್ಪದಲ್ಲಿ ಅವನದೊಂದು ಅಕ್ಕಿ ಗಿರಣಿ ಇತ್ತು. ಆ ಕಾರಿನ ಬಾಗಿಲು ತೆಗೆದರೆ ಬಿಸಿಯೇರಿದ ರೆಕ್ಸಿನ್ನಿನ ವಾಸನೆಯ ಜೊತೆ ತೌಡಿನ ವಾಸನೆಯೂ ಬರುತ್ತಿತ್ತು. ಓಣಿಯ ಹುಡುಗರು ಡಿಕ್ಕಿಯ ಧೂಳಿನಲ್ಲಿ ಬೆರಳಿನಿಂದ ಹೆಸರು ಬರೆದರೆ ಮಾಮ ಕೈಯಲ್ಲಿ ಚಪ್ಪಲಿ ಹಿಡಿದು ಓಡಿಸುತ್ತಿದ್ದ. ನನ್ನನ್ನು ಮಾತ್ರ ಓಡಿಸುತ್ತಿರಲಿಲ್ಲ. ನನಗೆ ಕಾರು ಉಜ್ಜುವುದನ್ನು ಕಲಿಸಿದ್ದ.

ಅವನು ಕಲಿಸಿದ ಕ್ರಮ ನನಗೆ ಈಗಲೂ ಬಾಯಿಪಾಠ. ಮೊದಲು ಬೇವಿನ ನೆರಳಿಗೆ ಕಾರು ತರಬೇಕು. ಬಿಸಿಲಲ್ಲಿ ಕಾದ ತಗಡಿಗೆ ಏನೂ ಹಚ್ಚಬಾರದು. ಧಾರಾಳವಾಗಿ ನೀರು ಸುರಿದು ಮಣ್ಣು ಇಳಿಸಬೇಕು, ಒಣಗಿಸಬೇಕು. ಆಮೇಲೆ ಹಳೆಯ ಧೋತರದ ತುಂಡಿಗೆ ಚೂರೇ ಚೂರು ಕ್ಲೀನರ್ ತೆಗೆದುಕೊಂಡು, ಅಂಗೈಯಗಲದ ಜಾಗದಲ್ಲಿ ರೊಟ್ಟಿ ತಟ್ಟುವ ಹಾಗೆ ದುಂಡಗೆ ಕೈಯಾಡಿಸಬೇಕು. ಕ್ಲೀನರ್ ಎಂದರೆ ಅವನು ಬಳ್ಳಾರಿಯ ಮೋಟಾರು ಸಾಮಾನಿನ ಅಂಗಡಿಯಿಂದ ತರುತ್ತಿದ್ದ ಚಪ್ಪಟೆ ಡಬ್ಬಿಯ ಗಟ್ಟಿ ಮುಲಾಮು, ಸೀಮೆಎಣ್ಣೆಯಂತೆ ವಾಸನೆ ಬರುತ್ತಿತ್ತು. ಬಿಸಿಲು ತಿಂದು ಸತ್ತ ಬಣ್ಣ, ಕಣ್ಣಿಗೆ ಕಾಣದ ಜಿಡ್ಡು, ಎಲ್ಲವನ್ನೂ ಅದು ಬಟ್ಟೆಗೆ ಎಳೆದುಕೊಳ್ಳುತ್ತಿತ್ತು. ಬಟ್ಟೆ ಮೊದಲು ಕಂದಾಗಿ, ಆಮೇಲೆ ಹಳದಿಯಾಗಿ, ಕೊನೆಗೆ ಏನೂ ಹತ್ತದಂತಾದ ಮೇಲೆಯೇ ವ್ಯಾಕ್ಸಿನ ಡಬ್ಬಿಯ ಮುಚ್ಚಳ ತೆಗೆಯಬೇಕು.

ಒಮ್ಮೆ ನಾನು ಅವಸರಕ್ಕೆ ನೇರವಾಗಿ ವ್ಯಾಕ್ಸ್ ಹಚ್ಚಲು ಹೋದಾಗ ಮಾಮ ನನ್ನ ಕೈ ಹಿಡಿದಿದ್ದ.

"ಲೇ ಸುಮಿ, ಮೈ ತೊಳಕೊಳ್ಳದ ಯಾರಾರ ವಿಭೂತಿ ಹಚ್ಚಿಕೊಂತಾರೇನು?"

"ಇಲ್ಲ."

"ಇದೂ ಹಂಗ. ಹೊಲಸಿನ ಮ್ಯಾಲೆ ವ್ಯಾಕ್ಸ್ ಹಚ್ಚಿದ್ರ ಹೊಲಸಿಗೇ ಹೊಳಪು ಬರ್ತತಿ."

ನಾನು ಅದನ್ನು ಶಾಲೆಯ ಗೆಳತಿಯರಿಗೂ ಹೇಳಿದ್ದೆ. ಅವರಿಗೆ ಏನೂ ಅರ್ಥವಾಗಿರಲಿಲ್ಲ. ನನಗೆ ಮಾತ್ರ ದೊಡ್ಡ ವಿದ್ಯೆ ಬಂದಂತಿತ್ತು.

ಮಾಮನಿಗೆ ನನ್ನ ಅಕ್ಕ ಗಿರಿಜಾಳನ್ನು ಮದುವೆಯಾಗಬೇಕೆಂಬ ಆಸೆ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದೇನಲ್ಲ, ಕೇಳದಿದ್ದರೆ ಅವಮಾನ. ಅವ್ವನಿಗೂ ಅದೇ ಬೇಕಾಗಿತ್ತು. ಅಪ್ಪನಿಗೆ ಮಾತ್ರ ಬೇಡವಾಗಿತ್ತು. ಅಪ್ಪ ಪಕ್ಕದ ಹಳ್ಳಿಯ ಶಾಲೆಯಲ್ಲಿ ಮಾಸ್ತರು, ದಿನವೂ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ. ಗಿರಿಜಕ್ಕ ಪಿಯುಸಿ ಓದುತ್ತಿದ್ದಳು, ಮುಂದೆ ಬಳ್ಳಾರಿಯ ಕಾಲೇಜಿಗೆ ಹೋಗಬೇಕು, ಪಾರ್ವತಿನಗರದ ಅತ್ತೆಯ ಮನೆಯಲ್ಲಿರಬೇಕು ಎಂದು ಅಪ್ಪ, ಅಕ್ಕ ಇಬ್ಬರೂ ಮಾತಾಡಿಕೊಂಡಿದ್ದರು. ಮಾಮ ಕೇಳಿದಾಗಲೆಲ್ಲ ಅಪ್ಪ ನಗುತ್ತಲೇ ಹೇಳುತ್ತಿದ್ದ: "ಹುಡುಗಿ ಓದಾಕ ಹತ್ತೈತಿ. ನಿನ್ನ ಗಿರಣಿ ಎಲ್ಲಿ ಓಡಿಹೋಗ್ತತಲೇ? ತಡಿ." ರಾತ್ರಿ ಒಂದೇ ಕೌದಿಯಲ್ಲಿ ಮಲಗಿ ಅಕ್ಕ ನನಗೆ ಕಾಲೇಜಿನ ಸುದ್ದಿ ಹೇಳುತ್ತಿದ್ದಳು. ಅಲ್ಲಿ ಹುಡುಗಿಯರಿಗೆ ಬೇರೆ ಕೋಣೆ ಇದೆಯಂತೆ, ಅಲ್ಲಿ ಕೂತು ಡಬ್ಬಿ ಬಿಚ್ಚಿ ತಿನ್ನಬಹುದಂತೆ.

ಸಂಕ್ರಾಂತಿ ಕಳೆದ ಹೊಸದರಲ್ಲಿ ಒಂದು ಸಂಜೆ ಅಪ್ಪ ಶಾಲೆಯಿಂದ ಬರುವುದು ತಡವಾಯಿತು. ಕತ್ತಲಾಗುವ ಹೊತ್ತಿಗೆ ಮಾಮನ ಕಾರು ಬಂತು. ಹಿಂದಿನ ಸೀಟಿನಲ್ಲಿ ಅಪ್ಪ ಮಲಗಿದ್ದ. ಬಲಗಾಲು ನೋಡಬಾರದ ಹಾಗೆ ತಿರುಗಿತ್ತು. ಮಾಮನ ಅಂಗಿಯ ತುಂಬ ರಕ್ತ.

"ಅಕ್ಕ, ಲಾರಿಯೋನು ಹೊಡದು ಹೋಗ್ಯಾನ. ಭಾವ ಹಾದ್ಯಾಗ ಬಿದ್ದಿದ್ದ. ನಾ ಇಲ್ಲಿಗೇ ಬರಾಕ ಹತ್ತಿದ್ದೆ, ಕಣ್ಣಿಗೆ ಬಿದ್ದ. ಹತ್ತು, ಹತ್ತು, ಬಳ್ಳಾರಿಗೆ ಒಯ್ಯೂಣು."

ಅವ್ವ ಚಪ್ಪಲಿಯನ್ನೂ ಮೆಟ್ಟದೆ ಕಾರು ಹತ್ತಿದಳು. ಆ ಗಡಿಬಿಡಿಯಲ್ಲಿ ಕಾರಿನ ಮುಂಭಾಗವನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಅಪ್ಪ ದೊಡ್ಡಾಸ್ಪತ್ರೆಯಲ್ಲಿದ್ದಷ್ಟು ದಿನವೂ ಮಾಮ ಅವನ ಮಗ್ಗುಲು ಬಿಡಲಿಲ್ಲ. ಗಂಜಿ ಕುಡಿಸಿದ, ಗಡ್ಡ ಹೆರೆದ, ಹೊರಗೆ ವರಾಂಡದಲ್ಲಿ ಟವೆಲ್ಲು ಹಾಸಿ ಮಲಗಿದ. ಆ ದಿನಗಳಲ್ಲಿ ಅವನು ಬಸ್ಸಿನಲ್ಲಿ ಓಡಾಡುತ್ತಿದ್ದ. ಬ್ರೇಕು ಕೆಟ್ಟಿದೆ, ಕಾರು ಬಳ್ಳಾರಿಯ ಗ್ಯಾರೇಜಿನಲ್ಲಿದೆ ಎಂದಿದ್ದ. ಅಪ್ಪನಿಗೆ ಹಿಂದಿನಿಂದ ಬಿದ್ದ ಬೆಳಕು ಮಾತ್ರ ನೆನಪಿತ್ತು, ಬೇರೇನೂ ಇರಲಿಲ್ಲ. ಒಂದು ಭಾನುವಾರ ನಾವೆಲ್ಲ ಮಂಚದ ಸುತ್ತ ನಿಂತಿದ್ದಾಗ ಅಪ್ಪ ಮಾಮನ ಕೈ ಹಿಡಿದುಕೊಂಡ.

"ನೀ ಆ ಹಾದ್ಯಾಗ ಬರದಿದ್ರ ನಾ ಅಲ್ಲೇ ಮುಗೀತಿದ್ನಪ. ಗಿರಿಜಾನ್ನ ನಿನಗ ಕೊಟ್ಟೆ. ಮಾತು ಅಂದ್ರ ಮಾತು."

ಮಾಮ ಮಂಚದ ಕಂಬಿಗೆ ಹಣೆ ಇಟ್ಟು ಅತ್ತ. ಎಂಥ ಪ್ರೀತಿ ಎಂದು ಪಕ್ಕದ ಮಂಚದವರೂ ಕಣ್ಣೊರೆಸಿಕೊಂಡರು. ಗಿರಿಜಕ್ಕ ಕಿಟಕಿಯ ಕಡೆ ನೋಡುತ್ತ ನಿಂತಿದ್ದಳು. ಅಂದು ರಾತ್ರಿ ನಾನು ಕಾಲೇಜಿನ ಮಾತು ಎತ್ತಿದೆ. "ಅಪ್ಪ ಮಾತು ಕೊಟ್ಟಾನ. ಜೀವ ಉಳಿಸಿದೋರಿಗೆ ಇಲ್ಲ ಅನ್ನಾಕ ಬರ್ತತೇನು? ಮಲಕ್ಕೊ," ಎಂದಳು.

ಮದುವೆ ಬೇಸಿಗೆಗೆ ನಿಗದಿಯಾಯಿತು. ಅಪ್ಪ ಮನೆಗೆ ಬಂದಿದ್ದ. ಕಾಲು ಗಿಡ್ಡವಾಗಿ ಕೂಡಿಕೊಂಡಿತ್ತು, ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದ. ಮದುವೆಗೆ ಇನ್ನೇನು ಎರಡು ದಿನ ಎನ್ನುವಾಗ ಮಾಮ ಕಾರು ತಂದು ಬೇವಿನ ಕೆಳಗೆ ನಿಲ್ಲಿಸಿದ. ಮೆರವಣಿಗೆಗೆ ಅದೇ ಕಾರು. ಬೆಳಿಗ್ಗೆಯಿಂದ ನಾವಿಬ್ಬರೂ ಸೇರಿ ಟಾಪು, ಬಾನೆಟ್ಟು, ಬಲಗಡೆ ಎಲ್ಲ ಮುಗಿಸಿದೆವು. ಒಳಗೆ ಅವ್ವ ಮತ್ತು ಓಣಿಯ ಹೆಂಗಸರು ಕರಚಿಕಾಯಿ ಕರಿಯುತ್ತಿದ್ದರು. ಕಾದ ಎಣ್ಣೆ, ಏಲಕ್ಕಿ, ಕ್ಲೀನರ್ ಎಲ್ಲವೂ ಸೇರಿ ಒಂದೇ ವಾಸನೆಯಾಗಿತ್ತು. ಮದುವೆ ಮಾಡಿಸುವ ಸ್ವಾಮಿಗಳನ್ನು ಕಂಡು ಬರುತ್ತೇನೆ ಎಂದು ಮಾಮ ಎದ್ದ. ಹೋಗುವ ಮುಂಚೆ ತಿರುಗಿ ಹೇಳಿದ:

"ಎಡಗಡಿಗೆ ಬರೇ ವ್ಯಾಕ್ಸ್ ಹಚ್ಚು ಸಾಕು. ಅಲ್ಲಿ ಗ್ಯಾರೇಜಿನೋರು ಕ್ಲೀನರ್ ಹಚ್ಚ್ಯಾರ."

ನಾನು ಅವನು ಹೇಳಿದಂತೆಯೇ ಶುರುಮಾಡಿದೆ. ಬಾಗಿಲುಗಳು ಸರಿಹೋದವು. ಮುಂದಿನ ಮಡ್ಗಾರ್ಡಿನ ಮೇಲೆ ಮಾತ್ರ ವ್ಯಾಕ್ಸು ಕೂರಲಿಲ್ಲ. ಒರೆಸಿದಷ್ಟೂ ಮೋಡ ಮೋಡವಾಗಿ ಕಾಣಿಸಿತು. ಗ್ಯಾರೇಜಿನವರು ಮೋಸ ಮಾಡಿದ್ದಾರೆ, ಕ್ಲೀನರ್ ಹಚ್ಚಿಯೇ ಇಲ್ಲ ಎಂದುಕೊಂಡೆ. ಮಾಮ ಬರುವುದರೊಳಗೆ ಸರಿಮಾಡಿ ಅವನಿಂದ ಹೊಗಳಿಸಿಕೊಳ್ಳಬೇಕು ಎನಿಸಿತು. ಕ್ಲೀನರ್ ತೆಗೆದು ದುಂಡಗೆ ಉಜ್ಜತೊಡಗಿದೆ.

ಬಟ್ಟೆಗೆ ಕಂದು ಬರಲಿಲ್ಲ. ಹಸಿ ಕೆನೆಬಣ್ಣ ಬಂತು, ಬಹಳ ಬಂತು. ಕೈ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ತೆಳ್ಳಗೆ ಎಳೆದಿದ್ದ ಹೊಸ ಬಣ್ಣ ಅಂಚಿನಲ್ಲಿ ಎದ್ದುಹೋಯಿತು. ಮೇಲೆ ತಗ್ಗು ತುಂಬಲು ಮೆತ್ತಿದ್ದ ಬೂದುಬಣ್ಣದ ಲಪ್ಪ ಕಾಣಿಸಿತು. ಅದರ ಕೆಳಗೆ, ಲಪ್ಪ ಹಾಕದ ಕಡೆ, ಗೇಣುದ್ದದ ಒಂದು ಗೀರು. ಗೀರಿನೊಳಗೆ ನೀಲಿ ಹತ್ತಿತ್ತು.

ಆ ನೀಲಿಯನ್ನು ನಾನು ಬಲ್ಲೆ. ಹಿಂದಿನ ದೀಪಾವಳಿಗೆ ನಮ್ಮ ಬಾಗಿಲಿಗೆ ಹಚ್ಚಿ ಉಳಿದದ್ದನ್ನು ಅಪ್ಪ ತನ್ನ ಸೈಕಲ್ಲಿಗೆ ಬಳಿದಿದ್ದ, ಡಬ್ಬಿ ಹಿಡಿದು ನಿಂತವಳು ನಾನು. ಆದರೂ ನೀಲಿ ಬಣ್ಣ ಲೋಕದಲ್ಲಿ ಬೇಕಾದಷ್ಟಿದೆ. ನಾನು ಬಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋದೆ. ಓಣಿಯವರು ಹಾದಿಯಿಂದ ತಂದಿಟ್ಟಿದ್ದ ಮುರಿದ ಸೈಕಲ್ಲು ಮೇವಿನ ಬಣವೆಗೆ ಒರಗಿತ್ತು. ಅಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಹಿಂದಿನ ಗಾಲಿಯ ಮೇಲಿನ ತಗಡು ನಗ್ಗಿತ್ತು. ನಗ್ಗಿದ ಕಡೆಯ ಧೂಳು ಒರೆಸಿದೆ. ಅಲ್ಲಿ ಕೆನೆಬಣ್ಣ ಉಜ್ಜಿಕೊಂಡಿತ್ತು.

ನನಗೆ ಅಳು ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನನ್ನು ಕರೆದೆ. ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. ಮಡ್ಗಾರ್ಡು ತೋರಿಸಿದೆ. ಸೈಕಲ್ಲಿನ ವಿಷಯ ಹೇಳಿದೆ. ಅವ್ವ ಹಿತ್ತಲಿಗೆ ಹೋಗಿ ನೋಡಲಿಲ್ಲ. ಬಗ್ಗಿ, ಆ ಗೀರಿನ ಮೇಲೆ ಹೆಬ್ಬೆರಳಿಟ್ಟು, ಒಮ್ಮೆ ಮೇಲಿಂದ ಕೆಳಗೆ ಎಳೆದಳು.

"ನಿಮ್ಮಪ್ಪ ಎಲ್ಲದಾನ?"

"ಒಳಗ. ಮಲಗ್ಯಾನ."

"ಇನ್ಯಾರಿಗಾರ ತೋರಿಸೀಯೇನು?"

"ಇಲ್ಲ. ಅಪ್ಪನ್ನ ಎಬ್ಬಿಸ್ಲಿ?"

ಅವ್ವ ಸೆರಗಿಗೆ ಕೈಯೊರೆಸಿಕೊಂಡು ಮಣ್ಣಿನಲ್ಲೇ ಕುಳಿತಳು. ವ್ಯಾಕ್ಸಿನ ಡಬ್ಬಿಯನ್ನು ಎಳೆದುಕೊಂಡು, ಮೂರು ಬೆರಳಿನಲ್ಲಿ ಬಳಿದು, ಗೀರಿನ ಮೇಲೆ ಹಚ್ಚತೊಡಗಿದಳು.

"ಯವ್ವಾ, ಅದರ ಮ್ಯಾಲೆ ಹಚ್ಚಬಾರ್ದು."

"ಬಾಯಿ ಮುಚ್ಚು."

ಆದರೆ ವ್ಯಾಕ್ಸು ತಾಗಿದ ಮೇಲೆ ನೀಲಿ ಇನ್ನೂ ಎದ್ದು ಕಾಣಿಸಿತು, ಆಗಷ್ಟೇ ಬಳಿದ ಹಾಗೆ. ಅವ್ವ ಒರೆಸಿದಳು, ಮತ್ತೆ ಹಚ್ಚಿದಳು. ಆಮೇಲೆ ಎದ್ದು ಒಳಗೆ ಹೋಗಿ ದೇವರ ಮನೆಯಿಂದ ವಿಭೂತಿ ಗಟ್ಟಿ, ಕುಂಕುಮದ ಬಟ್ಟಲು, ನೀರು ತಂದಳು. ವಿಭೂತಿಯನ್ನು ಗಟ್ಟಿಯಾಗಿ ಕಲಸಿ, ಮಡ್ಗಾರ್ಡಿನ ಮೇಲೆ ಅಗಲವಾಗಿ ಮೂರು ಪಟ್ಟೆ ಎಳೆದಳು. ನಡುವೆ ಕುಂಕುಮ ಇಟ್ಟಳು. ನೀಲಿ ಮುಚ್ಚಿಹೋಯಿತು. ನಂತರ ಬಲಗಡೆಗೆ ಹೋಗಿ, ನಾವು ಬೆಳಿಗ್ಗೆ ಕನ್ನಡಿಯಂತೆ ಮಾಡಿದ್ದ ಮಡ್ಗಾರ್ಡಿಗೂ ಅಷ್ಟೇ ಅಳತೆಯ ಪಟ್ಟೆ ಎಳೆದಳು. ಎರಡೂ ಒಂದೇ ಥರ ಇರಲಿ, ಯಾರೂ ಕೇಳದಿರಲಿ ಎಂದು. ಮದುವೆಯ ಕಾರಿಗೆ ವಿಭೂತಿ ಯಾಕೆ ಹಚ್ಚಿದಿರಿ ಎಂದು ನಮ್ಮೂರಲ್ಲಿ ಯಾರು ಕೇಳುತ್ತಾರೆ?

"ಇಲ್ಲಿ ಕೇಳು," ಎಂದಳು ಅವ್ವ, ನನ್ನ ಮುಖ ನೋಡದೆ. "ನಿಮ್ಮಪ್ಪಗ ಗೊತ್ತಾದ್ರ ಮದುವಿ ನಿಂದರ್ತತಿ. ನನ್ನ ತವರಿನ ಬಾಗಲಾ ಇವತ್ತಿಗೇ ಮುಚ್ಚತೈತಿ. ಅಲ್ಲಿ ನನಗ ಇರೋನು ಅವನೊಬ್ಬನ."

"ಮತ್ತ ಅಕ್ಕ?"

"ಅಕ್ಕಗೇನಾಗೇತಿ? ಸೋದರಮಾವನ ಮನಿಗೆ ಹೊಂಟಾಳ. ಪರದೇಶಕ್ಕೇನು ಹೊಂಟಿಲ್ಲಲ್ಲ."

"ಅಪ್ಪ ಮಾತು ಕೊಟ್ಟಿದ್ದು..."

"ನನ್ನಾಣಿ ಐತಿ ನೋಡು."

ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡಳು. ಅವಳ ಕೂದಲಿಗೆಲ್ಲ ವ್ಯಾಕ್ಸು ಹತ್ತಿತು.

ಮಾಮ ಸ್ವಾಮಿಗಳ ಹತ್ತಿರದಿಂದ ವೀಳ್ಯ ಮೆಲ್ಲುತ್ತ ಬಂದ. ಕಾರಿನ ಎದುರು ನಿಂತ. ಮೆಲ್ಲುವುದು ನಿಂತಿತು.

"ಅಕ್ಕ, ಪೂಜಿ ನಾಳಿಗಿತ್ತಲ್ಲ?"

"ಇವತ್ತ ಮಾಡೀನಿ. ಲಗ್ನ ಮುಗಿಯೋತನ ಒರೆಸಬ್ಯಾಡ," ಎಂದಳು ಅವ್ವ. ದನಿ ಎಂದಿನಂತೆಯೇ ಇತ್ತು. ಅವನು ಕೆಳಗೆ ಬಿದ್ದಿದ್ದ ಬಟ್ಟೆಯನ್ನು ನೋಡಿದ. ಅದರ ತುಂಬ ಕೆನೆಬಣ್ಣ. ನನ್ನನ್ನು ನೋಡಿದ. ನಾನು ಅವನನ್ನೇ ನೋಡುತ್ತಿದ್ದೆ. ಅವನು ಏನಾದರೂ ಹೇಳುತ್ತಾನೆ, ನಾನು ತಿಳಿದದ್ದು ತಪ್ಪು ಎಂದಾದರೂ ಹೇಳುತ್ತಾನೆ ಎಂದು ಕಾದೆ. ಸುಳ್ಳಾಗಿದ್ದರೂ ಆ ಹೊತ್ತಿಗೆ ನಂಬುತ್ತಿದ್ದೆನೇನೋ.

"ಸುಮಿ ಚಲೋ ಮಾಡ್ಯಾಳ," ಎಂದ. ಬಗ್ಗಿ ಅವ್ವನ ಕಾಲು ಮುಟ್ಟಿದ. ಒಳಗಿನಿಂದ ಬಂದ ಹೆಂಗಸೊಬ್ಬಳು ಅದನ್ನು ಕಂಡು, "ನೋಡ್ರಿ, ತಮ್ಮ ಹೋಗಿ ಅಳಿಯ ಆಗಾಕ ಹತ್ತ್ಯಾನ, ಕಾಲಿಗೆ ಬೀಳೋದು ಈಗಿಂದಲೇ ಕಲಿಯಾಕ ಹತ್ತ್ಯಾನ," ಎಂದು ನಗಾಡಿದಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು.

ಮದುವೆಯಾಯಿತು. ಗಿರಿಜಕ್ಕ ಅದೇ ಕಾರಿನಲ್ಲಿ ಎಡಗಡೆಯ ಕಿಟಕಿಗೆ ಕುಳಿತು ಸಿರುಗುಪ್ಪಕ್ಕೆ ಹೋದಳು. ಅಪ್ಪ ಕೋಲೂರಿಕೊಂಡು ಓಣಿಯ ತಿರುವಿನವರೆಗೂ ಹಿಂದೆ ನಡೆದ, ಹಿಂದಿರುಗುವಾಗ ನನ್ನ ಹೆಗಲ ಮೇಲೆ ಕೈ ಹಾಕಿದ. ನಾನು ಅವನ ಭಾರ ಹೊತ್ತು ನಡೆದೆ. ಮಾಮ ಮತ್ತೆಂದೂ ನನ್ನನ್ನು ಕಾರು ಉಜ್ಜಲು ಕರೆಯಲಿಲ್ಲ.

ಅವನು ಅಕ್ಕನನ್ನು ಕೆಟ್ಟದಾಗಿ ನೋಡಿಕೊಂಡ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ನೋಡಿಕೊಂಡ. ಗಿರಣಿ ದೊಡ್ಡದಾಯಿತು, ಮಕ್ಕಳಾದರು. ಕತ್ತಲಲ್ಲಿ ಸೈಕಲ್ಲು ಕಾಣದೆ ಗುದ್ದಿದ್ದು ಯಾರಿಂದಾದರೂ ಆಗಬಹುದಾದ ತಪ್ಪು. ಓಡಿಹೋಗದೆ ಎತ್ತಿಕೊಂಡು ಬಂದನಲ್ಲ, ಅದನ್ನೂ ನಾನು ಮರೆತಿಲ್ಲ. ಆದರೆ ಮಂಚದ ಮೇಲಿನ ಅಪ್ಪ ಕೈ ಹಿಡಿದು ಮಗಳನ್ನು ಕೊಡುವಾಗ ಅವನು ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ನಾನು ಎಷ್ಟು ಸಲ ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತೇನೆ.

ಅಪ್ಪ ತೀರಿಕೊಂಡದ್ದು ಬಹಳ ವರ್ಷಗಳ ಮೇಲೆ. ಮನೆಗೆ ಬಂದವರಿಗೆಲ್ಲ ಕೊನೆಯವರೆಗೂ ಹೇಳುತ್ತಿದ್ದ, ನನ್ನ ಜೀವ ಉಳಿಸಿದೋನು ನನ್ನ ಅಳಿಯ ಎಂದು. ಮಣ್ಣು ಮಾಡಿ ಬಂದು ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದೆವು. ಗಿರಿಜಕ್ಕ ಮಾಮನ ಕಡೆ ತಿರುಗಿ, ಅತ್ತು ಒಡೆದ ದನಿಯಲ್ಲಿ ಹೇಳಿದಳು: "ಅವತ್ತು ನೀವು ಬರದಿದ್ರ ಅಪ್ಪ ನಮಗ ಇಷ್ಟು ವರ್ಷ ಸಿಗತಿರಲಿಲ್ರಿ." ಮಾಮ ಅವ್ವನನ್ನು ನೋಡಿದ. ಅವ್ವ ನನ್ನನ್ನು ನೋಡಿದಳು. ಅಷ್ಟು ವಯಸ್ಸಾಗಿದ್ದರೂ ಅವಳ ಕಣ್ಣು ಆಣೆಯನ್ನೇ ನೆನಪಿಸುತ್ತಿತ್ತು.

ಅಕ್ಕ ಈಗಲೂ ನನ್ನನ್ನು ಸಿರುಗುಪ್ಪಕ್ಕೆ ಕರೆಯುತ್ತಾಳೆ. ಹೋಗುತ್ತೇನೆ. ಹೋದಾಗ ರಾತ್ರಿ ಒಂದೇ ಕೋಣೆಯಲ್ಲಿ ಹಾಸಿಗೆ ಹಾಕಿಸುತ್ತಾಳೆ. ದೀಪ ಆರಿಸಿದ ಮೇಲೆ ಕೇಳುತ್ತಾಳೆ: "ಸಣ್ಣಾಕಿದ್ದಾಗ ಎಷ್ಟು ಮಾತಾಡತಿದ್ದಿ, ಸುಮಿ. ನನ್ನ ಕೂಡ ಈಗ್ಯಾಕ ಹಂಗ ಮಾತಾಡಲ್ಲ?" ವಯಸ್ಸಾಯಿತು, ನಿದ್ದೆ ಬರುತ್ತದೆ ಎನ್ನುತ್ತೇನೆ. ಅವಳು ನಂಬುತ್ತಾಳೆ. ಮನೆಮಂದಿ ಹೇಳಿದ್ದನ್ನೆಲ್ಲ ಅಷ್ಟೇ ಸುಲಭವಾಗಿ ನಂಬುವವಳು ನಾನೂ ಆಗಿದ್ದೆ, ಆ ಬೇಸಿಗೆಯವರೆಗೆ.